ಇಸ್ತ್ರಿಯಾದ ಪ್ರಶ್ನೆ

ಬಟ್ಟೆಗೆ ಗುಂಡುಸೂಜಿಯಲ್ಲಿ ಒಂದು ಚೀಟಿ ಚುಚ್ಚಿದ್ದರೆ ಆ ಅಂಗಡಿಯಲ್ಲಿ ಅದಕ್ಕೆ ಒಂದೇ ಅರ್ಥ: ಇದನ್ನು ಇಸ್ತ್ರಿ ಮಾಡಬೇಕು. ಚೀಟಿ ಇದ್ದದ್ದನ್ನು ಕೇಳದೆಯೂ ಮಾಡುವುದು, ಚೀಟಿ ಇಲ್ಲದ್ದನ್ನು ಕೇಳಿದರೂ ಮುಟ್ಟದಿರುವುದು. ಇಸ್ತ್ರಿ ಅಜ್ಜಿಯ ಅತ್ತೆ ಹಾಕಿಕೊಟ್ಟ ಕಟ್ಟಳೆ ಅದು. ನಲವತ್ತು ವರ್ಷದಲ್ಲಿ ಒಬ್ಬರ ಅಂಗಿ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ. ಅಂಥ ಕಟ್ಟಳೆಯೇ ಒಂದು ಗುರುವಾರ ಅಜ್ಜಿಯ ಕುತ್ತಿಗೆಗೆ ಬಂತು.

ಅಂಗಡಿ ಎಂದರೆ ನಾಲ್ಕು ಹೆಜ್ಜೆ ಅಗಲ, ಆರು ಹೆಜ್ಜೆ ಉದ್ದ. ನಡುವೆ ಒಂದು ಮೇಜು, ಅದರ ಮೇಲೆ ಮೂರು ಪದರ ಹಳೆಯ ಕಂಬಳಿ, ಅದರ ಮೇಲೊಂದು ಬಿಳಿ ದುಪ್ಪಟಿ. ಮೇಜಿನ ಒಂದು ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆಯ ಆಕಾರದಲ್ಲೇ ಸುಟ್ಟ ಕಲೆ. ಗಂಡ ತೀರಿಕೊಂಡ ಸುದ್ದಿ ಬಂದಾಗ ಕೈ ನಿಂತಲ್ಲೇ ನಿಂತುಬಿಟ್ಟಿತ್ತು, ಆಗಿನದು. ಕಂಬಳಿ ಎರಡು ಸಲ ಬದಲಾಗಿದೆ, ಮರದ ಮೇಲಿನ ಕಲೆ ಹಾಗೇ ಇದೆ. ಅಂಗಡಿಯ ಹಿಂದೆ ಎರಡು ಕೋಣೆ, ಅದೇ ಮನೆ. ಮಗ ಲಾರಿ ಓಡಿಸುತ್ತಾನೆ, ವಾರಕ್ಕೊಮ್ಮೆ ಬಂದರೆ ಬಂದ. ಸೊಸೆ ಮುಖ್ಯರಸ್ತೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಮೂರನೇ ತರಗತಿಯಲ್ಲಿ ಓದುವ ಮೊಮ್ಮಗಳು ಒಬ್ಬಳು.

ಇಸ್ತ್ರಿ ಮಾಡುವವರಿಗೆ ಕೈಗೆ ಕೆಲಸ, ಕಿವಿಗೆ ಪುರುಸೊತ್ತು. ಇಸ್ತ್ರಿ ಆಗುವವರೆಗೆ ಕಾಯುವವರು ಸುಮ್ಮನೆ ಕಾಯುವುದಿಲ್ಲ, ಏನಾದರೂ ಮಾತಾಡುತ್ತಾರೆ. ಅಜ್ಜಿ ನಡುವೆ ಬಾಯಿ ಹಾಕುವುದಿಲ್ಲ. ಕಾಲರಿಗೆ ನೀರು ಚಿಮುಕಿಸುತ್ತಾ "ಆಮೇಲೆ?" ಅನ್ನುತ್ತಾಳೆ, ಅಷ್ಟೇ. ಆ ಒಂದು "ಆಮೇಲೆ?"ಗೆ ಬೀದಿಯ ಅರ್ಧ ಗುಟ್ಟು ಹೊರಬಿದ್ದಿದೆ. ಒಳಗೆ ಬಂದದ್ದು ಮತ್ತೆ ಹೊರಗೆ ಹೋಗಿಲ್ಲ, ಆ ಮಾತು ಬೇರೆ.

ಅಜ್ಜಿ ಓದಿದ್ದು ಎರಡನೇ ತರಗತಿ. ಆ ಎರಡು ವರ್ಷದಲ್ಲಿ ನೆನಪಿರುವುದು ಒಂದೇ ದಿನ. ಮೇಷ್ಟ್ರು "ಬಿಸಿಲಿಗೆ ನೀರು ಒಣಗುತ್ತದೆ" ಎಂದು ಹಲಗೆಯ ಮೇಲೆ ಬರೆದರು. ಈಕೆ ಎದ್ದು ನಿಂತು, "ಸಾರ್, ನಮ್ಮನೆ ಒಳಕೋಣೇಲಿ ಬಿಸಿಲೇ ಬೀಳಲ್ಲ, ಅಲ್ಲಿ ಹಾಕಿದ ಬಟ್ಟೇನೂ ಒಣಗುತ್ತಲ್ಲ?" ಎಂದು ಕೇಳಿದಳು. ಮೇಷ್ಟ್ರು ಕೆಟ್ಟವರೇನಲ್ಲ, ಅರವತ್ತು ಮಕ್ಕಳನ್ನು ಒಬ್ಬರೇ ನೋಡಬೇಕಿತ್ತು. "ಅಧಿಕಪ್ರಸಂಗಿ, ಹೇಳಿದ್ದನ್ನ ಬರಿ" ಎಂದು ಗಂಟೆ ಹೊಡೆಯುವವರೆಗೆ ಬಾಗಿಲ ಹತ್ತಿರ ನಿಲ್ಲಿಸಿದರು. ಮುಂದಿನ ವರ್ಷ ಅಮ್ಮ ಹಾಸಿಗೆ ಹಿಡಿದಳು, ಶಾಲೆ ಬಿಟ್ಟುಹೋಯಿತು. ನೀರು ಒಣಗುವುದನ್ನೇ ನಂಬಿ ಹೊಟ್ಟೆ ಹೊರೆಯುವ ಮನೆಗೆ ಸೊಸೆಯಾಗಿ ಬಂದರೂ ಆ ಪ್ರಶ್ನೆಯನ್ನು ಅವಳು ಮತ್ತೆ ಯಾರ ಮುಂದೆಯೂ ಇಡಲಿಲ್ಲ.

ಮೊಮ್ಮಗಳಿಗೆ ಮನೆಯಲ್ಲಿ ಯಾಕಮ್ಮ ಎಂದು ಹೆಸರು. ಮಾತು ಕಲಿತಾಗ ಅಮ್ಮ, ಅಪ್ಪ ಆದಮೇಲೆ ಬಂದ ಮೂರನೇ ಮಾತೇ "ಯಾಕೆ". ಇರುವೆ ಯಾಕೆ ಸಾಲಾಗಿ ಹೋಗುತ್ತೆ, ಗುಂಡಿ ಯಾಕೆ ದುಂಡಗಿದೆ, ಅಪ್ಪನ ಗಡ್ಡ ಯಾಕೆ ಚುಚ್ಚುತ್ತೆ. "ನಿನ್ನ ಬಾಯಿಗೂ ಒಂದು ಗುಂಡಿ ಹೊಲಿಸ್ಬೇಕು ಕಣೇ" ಎಂದು ಅಪ್ಪ ನಗುತ್ತಿದ್ದ. ಶಾಲೆಗೆ ಸೇರಿ ಎರಡು ವರ್ಷ ಆಗುವಷ್ಟರಲ್ಲಿ ಬಾಯಿಗೆ ಗುಂಡಿ ತಾನಾಗೇ ಹಾಕಿಕೊಂಡಿತು. ಬರುತ್ತಿದ್ದಳು, ಉಣ್ಣುತ್ತಿದ್ದಳು, ಬೋರ್ಡಿನ ಮೇಲಿನದನ್ನು ಇಳಿಸಿಕೊಂಡು ಬಂದ ನೋಟ್‌ಬುಕ್ಕನ್ನು ಇನ್ನೊಂದು ಸಲ ಇಳಿಸುತ್ತಿದ್ದಳು. ಯಾಕಮ್ಮ ಎಂಬ ಹೆಸರೂ ಮನೆಯಲ್ಲಿ ಸವೆದುಹೋಯಿತು. ಮಗು ದೊಡ್ಡದಾಯಿತು, ಗಂಭೀರವಾಯಿತು ಎಂದು ಎಲ್ಲರೂ ಅಂದರು.

ಈ ವರ್ಷ ಮೂರನೇ ತರಗತಿಗೆ ಹೊಸ ಟೀಚರ್ ಬಂದರು. ಸಣ್ಣ ವಯಸ್ಸು, ಸದಾ ಚೀಲದ ತುಂಬ ಕಲ್ಲು, ಎಲೆ, ತಕ್ಕಡಿ. ತಿಂಗಳಾಗುವಷ್ಟರಲ್ಲಿ ಮೊಮ್ಮಗಳು ಮೇಜಿನ ಪಕ್ಕ ನಿಂತು ಕೇಳಿದಳು: "ಅಜ್ಜಿ, ನೀರು ಚಿಮುಕಿಸಿದ್ರೆ ಸುಕ್ಕು ಹೋಗುತ್ತೆ, ಸರಿ. ಆದ್ರೆ ನೀರಲ್ಲಿ ನೆನೆಸಿ ಒಣಗಿಸಿದ್ರೆ ಸುಕ್ಕು ಬರುತ್ತಲ್ಲ, ಯಾಕೆ?"

ಅಜ್ಜಿ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಕಳೆದುಹೋದ ಕರು ಸಂಜೆ ತಾನಾಗಿ ಮನೆಗೆ ಬಂದಂತೆ ಎದೆ ತಣ್ಣಗಾಯಿತು.

ಸೊಸೆಗೆ ಹಾಗಾಗಲಿಲ್ಲ. ಅವಳು ನೋಡಿದ್ದು ನೋಟ್‌ಬುಕ್ಕನ್ನು. ಹೋದ ವರ್ಷ ಇಷ್ಟು ಹೊತ್ತಿಗೆ ಮೂರು ಪುಸ್ತಕ ತುಂಬಿದ್ದವು. ಈ ವರ್ಷ ಒಂದರಲ್ಲಿ ಹನ್ನೊಂದು ಪುಟ. ಅದರಲ್ಲೂ ಒಂದು ಪುಟದಲ್ಲಿ ಇರುವೆ ಗೂಡಿನ ಚಿತ್ರ, ಕೆಳಗೆ "ಇದು ನನ್ನ ಊಹೆ. ತಪ್ಪಾಯಿತು" ಎಂದು ಎರಡು ಸಾಲು. ತಪ್ಪಾಯಿತು ಎಂದು ಮಗುವೇ ಬರೆದಿದೆ, ಟೀಚರ್ ಅದರ ಪಕ್ಕ ಒಂದು ನಕ್ಷತ್ರ ಹಾಕಿದ್ದಾರೆ!

"ನೋಡಿ ಅತ್ತೆ, ತಪ್ಪಿಗೆ ನಕ್ಷತ್ರ! ಸರಿ ಮಾಡಿದ್ರೆ ಏನು ಹಾಕ್ತಾರಂತೆ, ಚಂದ್ರನಾ?"

"ಕೇಳೋಣ ಬಿಡಮ್ಮ."

"ಕೇಳೋದೇನು, ಬೀದಿಯವರೆಲ್ಲ ಕೇಳ್ತಿದ್ದಾರೆ. ಕಂಡಕ್ಟರ್ ಮಗನ ಪುಸ್ತಕದಲ್ಲಿ ಒಂಬತ್ತೇ ಪುಟ. ನಮ್ಮದೇ ಪರವಾಗಿಲ್ಲ ಅನ್ನೋ ಹಾಗಾಗಿದೆ."

ಸೊಸೆ ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ನಾಲ್ಕೇ ಅಂಕಕ್ಕೆ ಫೇಲಾದವಳು. ಔಷಧಿ ಅಂಗಡಿಯಲ್ಲಿ ಡಾಕ್ಟರ ಕಾಗೆ ಕಾಲಿನ ಬರಹವನ್ನು ಅವಳಷ್ಟು ಚೆನ್ನಾಗಿ ಓದುವವರಿಲ್ಲ, ಆದರೂ ಸಂಜೆ ಲೆಕ್ಕಕ್ಕೆ ಕೂರುವ ಕುರ್ಚಿ ಅವಳಿಗೆ ಸಿಕ್ಕಿಲ್ಲ. ಆ ನಾಲ್ಕು ಅಂಕ ಅವಳ ಕಣ್ಣ ಮುಂದಿನಿಂದ ಹೋಗಿಲ್ಲ. ರೈಲ್ವೆ ಹಳಿಯ ಆಚೆಗಿನ ದೊಡ್ಡ ಶಾಲೆಯ ಅರ್ಜಿ ತಂದು ಕನ್ನಡಿಯ ಹಿಂದೆ ಸಿಕ್ಕಿಸಿದಳು. ಅಲ್ಲಿ ದಿನಕ್ಕೆ ನಾಲ್ಕು ಪುಟ ನೋಟ್ಸ್ ಕೊಡುತ್ತಾರಂತೆ. ಅರ್ಜಿ ಕೊಡಲು ಸೋಮವಾರ ಕೊನೆ. ಶನಿವಾರ ಇಲ್ಲಿ ಪೋಷಕರ ಸಭೆ. ಹೊಸ ಟೀಚರ್ ತಮ್ಮ ಪಾಠದ ರೀತಿ ಏನು ಎತ್ತ ಎಂದು ಹೇಳುತ್ತಾರಂತೆ.

"ಶನಿವಾರ ಹೋಗಿ ಕೇಳ್ತೀನಿ ಅತ್ತೆ. ಮನಸ್ಸಿಗೆ ಬಂದ್ರೆ ಸರಿ. ಇಲ್ಲಾಂದ್ರೆ ಸೋಮವಾರ ಬೆಳಿಗ್ಗೆ ಅರ್ಜಿ ಕೊಟ್ಟು ಬರೋದೇ."

ಯಾಕಮ್ಮ ತಟ್ಟೆಯಲ್ಲಿದ್ದ ಅನ್ನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳಿದಳು. ಯಾಕೆ ಎಂದು ಕೇಳಲಿಲ್ಲ. ಅಜ್ಜಿಗೆ ಭಯವಾದದ್ದು ಆಗ.

*

ಗುರುವಾರ ಬೆಳಿಗ್ಗೆ ಅಜ್ಜಿ ಇದ್ದಿಲು ತರಲು ಹೋಗಿದ್ದಳು. ಬಂದು ನೋಡಿದರೆ ಅಂಗಡಿಯ ಮೆಟ್ಟಿಲ ಮೇಲೆ ಒಂದು ಬಿಳಿ ಕರ್ಚೀಫು ಹರಡಿಕೊಂಡು ಬಿದ್ದಿದೆ. ಒದ್ದೆ. ಅದಕ್ಕೊಂದು ಚೀಟಿ. ಬಾಗಿಲ ಚಿಲಕಕ್ಕೆ ಅಂಥದ್ದೇ ಇನ್ನೊಂದು, ಒಳಗೆ ಮೂಲೆಯ ಸ್ಟೂಲಿನ ಮೇಲೆ ಮತ್ತೊಂದು. ಕಿಟಕಿಯ ಕಟ್ಟೆಯಲ್ಲಿ, ಬಿಸಿಲಿಗೆ, ಜಾಮಿನ ಖಾಲಿ ಬಾಟಲಿಯೊಳಗೆ ನಾಲ್ಕನೆಯದು! ಬಾಟಲಿಗೆ ಬಿಗಿಯಾಗಿ ಮುಚ್ಚಳ.

"ಯಾವ ಪುಣ್ಯಾತ್ಮರದೋ ಏನೋ, ಈ ಹುಡುಗಿ ಆಟಕ್ಕೆ ತಗೊಂಡು ಅಂಗಡಿ ತುಂಬ ಚೆಲ್ಲಾಡಿದಾಳೆ" ಎಂದು ಅಜ್ಜಿ ಒಂದೊಂದನ್ನೇ ಎತ್ತಿಕೊಂಡಳು. ಕನ್ನಡಕ ಒಳಗಿತ್ತು. ಇದ್ದರೂ ಓದುತ್ತಿರಲಿಲ್ಲ, ಚೀಟಿ ಇದೆಯಲ್ಲ, ಸಾಕು. ಪೆಟ್ಟಿಗೆ ಚೆನ್ನಾಗಿ ಕಾದಿತ್ತು. ನಾಲ್ಕನ್ನೂ ಚುಸ್ ಚುಸ್ ಎಂದು ಗರಿಗರಿಯಾಗುವಂತೆ ಇಸ್ತ್ರಿ ಮಾಡಿ, ಮೂಲೆಗೆ ಮೂಲೆ ಕೂಡಿಸಿ ಮಡಿಸಿ, ಒಂದರ ಮೇಲೊಂದು ಇಟ್ಟು, ಚೀಟಿಗಳನ್ನು ಮೇಲೆ ಚುಚ್ಚಿದಳು. ಬಾಟಲಿಯನ್ನೂ ತೊಳೆದು ಬೋರಲು ಹಾಕಿದಳು.

ನಾಲ್ಕು ಗಂಟೆಗೆ ಯಾಕಮ್ಮ ಓಡಿಬಂದಳು. ಮೆಟ್ಟಿಲು ನೋಡಿದಳು, ಚಿಲಕ ನೋಡಿದಳು, ಸ್ಟೂಲು ನೋಡಿದಳು. ಕೊನೆಗೆ ಮೇಜಿನ ಮೇಲಿನ ಮಡಿಕೆ ನೋಡಿದಳು.

"ಅಜ್ಜೀ! ಏನ್ ಮಾಡ್ದೆ?"

"ಏನ್ ಮಾಡ್ದೆ ಅಂದ್ರೆ? ಗಿರಾಕಿ ಬಟ್ಟೆ ಅದು, ನೆಲದ ಮೇಲೆ ಹಾಕ್ತಾರಾ ಯಾರಾದ್ರೂ?"

"ಗಿರಾಕಿದಲ್ಲ! ನಂದು! ಹಳೇ ದುಪ್ಪಟಿ ಕತ್ತರಿಸಿ ನಾನೇ ಮಾಡಿದ್ದು. ಯಾವುದು ಮೊದಲು ಒಣಗುತ್ತೆ ಅಂತ ನೋಡೋಕೆ. ಮುಟ್ಟಬೇಡಿ ಅಂತ ಚೀಟಿ ಬರೆದು ಚುಚ್ಚಿದ್ನಲ್ಲ!" ಅಳುತ್ತಾ ಚೀಟಿಯತ್ತ ಬೆರಳು ತೋರಿಸಿದಳು. "ಶನಿವಾರ ಎಲ್ಲರ ಮುಂದೆ ತೋರಿಸ್ಬೇಕಿತ್ತು. ನೀನು ನನ್ನ ಪ್ರಶ್ನೇನೇ ಇಸ್ತ್ರಿ ಮಾಡ್ಬಿಟ್ಟೆ, ಅಜ್ಜಿ."

ಅಜ್ಜಿ ಕನ್ನಡಕ ತಂದು ಚೀಟಿ ಓದಿದಳು. ಮು-ಟ್ಟ-ಬೇ-ಡಿ. ನಾಲ್ಕರಲ್ಲೂ ಅದೇ. ಮಡಿಕೆಯಾದರೋ ಒಂದೆಳೆ ಸುಕ್ಕಿಲ್ಲದೆ, ಯಾರಾದರೂ ಮೆಚ್ಚುವ ಹಾಗಿತ್ತು. ಒಳ್ಳೆಯ ಕೆಲಸ ಇಷ್ಟು ಕೆಟ್ಟದಾಗಿ ಕಂಡದ್ದು ಅವಳಿಗೆ ಅದೇ ಮೊದಲು.

"ಅಳಬೇಡ ಪುಟ್ಟಾ. ಎಲ್ಲಾ ಒಣಗಿದಾವಲ್ಲ? ಯಾವುದು ಮೊದಲು ಅಂತ ನಾನೇ ಹೇಳ್ತೀನಿ, ಬರ್ಕೋ. ನಲವತ್ತು ವರ್ಷದಿಂದ ಮಾಡ್ತಿರೋದು ಇದೇ ತಾನೆ?"

ಹುಡುಗಿ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. "ಹೇಳ್ಬೇಡ. ಹೇಳಿದ್ರೆ ಅದು ನಿನ್ನ ಮಾತಾಗುತ್ತೆ. ನೋಡಿದ್ರೆ ಮಾತ್ರ ನಂದಾಗುತ್ತೆ."

"ಯಾರು ಹೇಳಿದ್ರು ಹಾಗಂತ? ಟೀಚರಾ?"

"ಟೀಚರ್ ಏನೂ ಹೇಳಲ್ಲ ಅಜ್ಜಿ. ಅದೇ ಅಲ್ವಾ ಅಮ್ಮಂಗೆ ಕೋಪ?"

ಇನ್ನು ಉಳಿದದ್ದು ಶುಕ್ರವಾರ ಒಂದೇ ದಿನ. ಹುಡುಗಿಗೆ ಶಾಲೆ. ಕಾವಲು ಕೂರುವವರು ಯಾರು? ಮಾಡಿದ್ದುಣ್ಣೋ ಮಹಾರಾಯ ಎಂದ ಹಾಗೆ, ಅಜ್ಜಿಯೇ ಕೂರಬೇಕಾಯಿತು.

ಬೆಳಿಗ್ಗೆ ಎಂಟಕ್ಕೆ ನಾಲ್ಕು ತುಂಡಿಗೂ ಒಂದೊಂದು ಸಣ್ಣ ಲೋಟ ನೀರು. "ಒಂದಕ್ಕೆ ಜಾಸ್ತಿ ಆದ್ರೆ ಅನ್ಯಾಯ" ಎಂದು ಯಾಕಮ್ಮ ಲೋಟಕ್ಕೆ ಕಣ್ಣು ಸಮ ಹಿಡಿದು ಅಳೆದಳು. ಮೆಟ್ಟಿಲ ಬಿಸಿಲಿಗೆ ಒಂದು. ಬಾಗಿಲ ನೆರಳಿಗೆ, ಗಾಳಿ ಆಡುವಲ್ಲಿ, ಒಂದು. ಬಿಸಿಲೂ ಗಾಳಿಯೂ ಇಲ್ಲದ ಮೂಲೆಗೆ ಒಂದು. ಕಿಟಕಿಯ ಬಿಸಿಲಿಗೆ ಬಾಟಲಿಯೊಳಗೆ ಒಂದು. ಈ ಸಲ ಚೀಟಿ ಚುಚ್ಚಲಿಲ್ಲ, ಸೀಮೆಸುಣ್ಣದಲ್ಲಿ ಪಕ್ಕದಲ್ಲಿ ಬರೆದಳು. ಅಜ್ಜಿಯಿಂದಲೇ ಬುದ್ಧಿ ಕಲಿತಿದ್ದಳು.

"ಈಗ ನಿನ್ನ ಊಹೆ ಬರಿ ಅಜ್ಜಿ."

"ನಾನಾ? ಬರೆಯೋದಾ?"

"ಊಹೆ ಬರೀದೆ ನೋಡ್ಬಾರದು. ಇಲ್ಲಾಂದ್ರೆ ಆಮೇಲೆ ಎಲ್ಲರೂ 'ನಂಗೆ ಮೊದಲೇ ಗೊತ್ತಿತ್ತು' ಅಂತಾರೆ."

ಅದಂತೂ ನಿಜ ಎಂದುಕೊಂಡಳು ಅಜ್ಜಿ. ಹಾಗೆನ್ನುವ ಗಿರಾಕಿಗಳು ದಿನಕ್ಕೆ ಹತ್ತು ಜನ ಬರುತ್ತಾರೆ. ಪೆನ್ಸಿಲ್ ಹಿಡಿದು, ನಾಲಿಗೆ ತುದಿ ಹಲ್ಲಿನ ನಡುವೆ ಇಟ್ಟುಕೊಂಡು, ಎತ್ತು ಏರಿ ಹತ್ತುವ ಹಾಗೆ ಒಂದೊಂದೇ ಅಕ್ಷರ ಎಳೆದಳು: ಬಾಟಲಿ. ಕಾರಣ ಗಟ್ಟಿಯಾಗಿಯೇ ಇತ್ತು. ಬಿಸಿಲಲ್ಲಿ ನಿಂತ ಕಾರಿನ ಗಾಜು ಏರಿಸಿ ಕೂತರೆ ಒಳಗೆ ಬೇಯುತ್ತದೆ. ಬಿಸಿ ಇದ್ದಲ್ಲಿ ಬಟ್ಟೆ ಒಣಗದೆ ಇನ್ನೆಲ್ಲಿ ಒಣಗಬೇಕು? ತನ್ನ ಹೊಟ್ಟೆಪಾಡೇ ಬಿಸಿಯ ಮೇಲೆ ನಿಂತಿದೆ. ಯಾಕಮ್ಮ 'ಮೆಟ್ಟಿಲು' ಎಂದು ಬರೆದು ಶಾಲೆಗೆ ಹೋದಳು.

ಆ ದಿನ ಅಜ್ಜಿಯ ಕೆಲಸ ಅರ್ಧಕ್ಕರ್ಧ ನಿಂತಿತು. ಹತ್ತಕ್ಕೆ ಮುಟ್ಟಿ ನೋಡಿದರೆ ಮೆಟ್ಟಿಲಿನದು ಒಣಗಿದೆ. ಹನ್ನೊಂದಾಗುವಷ್ಟರಲ್ಲಿ ಬಾಗಿಲಿನದೂ ಆಯಿತು. ಬಾಟಲಿಯದು ಹಾಗೇ ಅಂಟಿಕೊಂಡು ಕೂತಿದೆ. ಅಜ್ಜಿ ಅದನ್ನು ಬಿಸಿಲು ತಿರುಗಿದ ಹಾಗೆ ತಿರುಗಿಸಿಟ್ಟಳು. ಹನ್ನೆರಡಕ್ಕೆ ಇನ್ನೊಮ್ಮೆ ತಿರುಗಿಸಿದಳು. ಮುಟ್ಟಿದರೆ ಗಾಜು ಸುಡುತ್ತಿದೆ, ಒಳಗೆ ಮಾತ್ರ ಗಾಜಿನ ತುಂಬ ಹನಿ.

"ಏನಜ್ಜಿ, ಜಾಮ್ ಬದಲು ಬಟ್ಟೆ ತುಂಬ್ಸಿ ಮಾರ್ತಿದೀರಾ?" ಎಂದ ಕಂಡಕ್ಟರ್, ಯೂನಿಫಾರಂ ಒಯ್ಯಲು ಬಂದವನು.

"ಪಂದ್ಯ ಕಟ್ಟಿದೀನಿ ಕಣಪ್ಪ, ಸೋಲ್ತಿದೀನಿ."

"ಯಾರ ಮೇಲೆ?"

"ಈ ಬಾಟಲಿ ಮೇಲೆ. ಆಮೇಲೆ? ನಾಳೆ ಸಭೆಗೆ ಬರ್ತೀಯಾ?"

"ಬರದೆ? ಹತ್ತು ಜನರ ಸಹಿ ಹಾಕಿಸಿದೀನಿ. ಟೀಚರ್ ನೋಟ್ಸ್ ಕೊಡ್ಬೇಕು, ಇಲ್ಲಾ ಟೀಚರ್ ಬದಲಾಗ್ಬೇಕು. ನಿಮ್ಮ ಸೊಸೇದೂ ಹಾಕಿಸ್ಕೊಳ್ಳೋಣ ಅಂತಿದೀನಿ."

ಕಂಡಕ್ಟರ್ ಹೋದಮೇಲೆ ಅಜ್ಜಿಗೆ ಒಂದು ಕೆಟ್ಟ ಯೋಚನೆ ಬಂತು. ಇಸ್ತ್ರಿ ಪೆಟ್ಟಿಗೆಯನ್ನು ಬಾಟಲಿಗೆ ಸ್ವಲ್ಪ ಹತ್ತಿರ ಇಟ್ಟರೆ? ಯಾರು ನೋಡುತ್ತಾರೆ? ಪೆಟ್ಟಿಗೆ ಎತ್ತಿದ ಕೈ ಅಲ್ಲೇ ನಿಂತಿತು. ಅರವತ್ತೆರಡು ವರ್ಷದ ಹೆಂಗಸು ಜಾಮಿನ ಬಾಟಲಿಗೆ ಮೋಸ ಮಾಡಹೊರಟಿದ್ದೇನಲ್ಲ ಎಂದು ಒಬ್ಬಳೇ ನಕ್ಕಳು.

ಎರಡು ಗಂಟೆಗೆ ಮೂಲೆಯದನ್ನು ಮುಟ್ಟಿದಳು. ಒಣಗಿತ್ತು. ಬಿಸಿಲಿಲ್ಲ, ಗಾಳಿಯಿಲ್ಲ, ಆದರೂ ಒಣಗಿತ್ತು. ಅಷ್ಟೊಂದು ಬಿಸಿಯೊಳಗೆ ಕೂತ ಬಾಟಲಿಯದು ಒದ್ದೆ! ಅಜ್ಜಿ ಒಣಗಿದ ತುಂಡನ್ನು ಕೈಯಲ್ಲಿ ಹಿಡಿದು ಸ್ಟೂಲಿನ ಮೇಲೆಯೇ ಕುಳಿತಳು. ಬಾಗಿಲ ಹತ್ತಿರ ನಿಂತ ಏಳು ವರ್ಷದ ಹುಡುಗಿಯೊಬ್ಬಳು ಅವಳ ನೆನಪಿಗೆ ಬಂದಳು.

*

ಶನಿವಾರ ಮೂರನೇ ತರಗತಿಯ ಕೋಣೆಯಲ್ಲಿ ಸಭೆ. ಮಕ್ಕಳ ಬೆಂಚು ತಗ್ಗು. ದೊಡ್ಡವರ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಮಕ್ಕಳನ್ನು ಹೊರಗೆ ಕಳಿಸಿದ್ದರು. ಅವರು ಕಿಟಕಿಯ ಸರಳಿಗೆ ಸಾಲಾಗಿ ಅಂಟಿಕೊಂಡಿದ್ದರು. ಅಜ್ಜಿ ಸೊಸೆಯ ಪಕ್ಕ ಕುಳಿತಳು. ತೊಡೆಯ ಮೇಲಿನ ಚೀಲದಲ್ಲಿ ಬಾಟಲಿ.

ಟೀಚರ್ ಎದ್ದು ನಿಂತರು. ಕೈಯಲ್ಲಿದ್ದ ಹಾಳೆ ಬಿಚ್ಚಿದರು. "ಅನ್ವೇಷಣಾಧಾರಿತ ಕಲಿಕೆಯಲ್ಲಿ ಮಗುವಿನ ಸ್ವಾಭಾವಿಕ ಕುತೂಹಲವನ್ನು ಕೇಂದ್ರವಾಗಿಟ್ಟುಕೊಂಡು..." ಎಂದು ಓದತೊಡಗಿದರು.

"ಮೇಡಂ," ಎಂದ ಕಂಡಕ್ಟರ್, "ಆ ಮೊದಲನೇ ಮಾತಿಗೇ ಎರಡು ಟಿಕೆಟ್ ಬೇಕು, ಅಷ್ಟುದ್ದ ಇದೆ. ಸ್ವಲ್ಪ ಚಿಕ್ಕದಾಗಿ ಹೇಳಿ."

ನಗು ಎದ್ದಿತು. ಟೀಚರ ಕಿವಿ ಕೆಂಪಾಯಿತು. ಮುಂದಿನ ಬೆಂಚಿನ ತಾಯಿಯೊಬ್ಬಳು, "ನನ್ನ ಮಗಳು ಏನು ಕೇಳಿದ್ರೂ 'ನಿಂಗೇನನ್ಸುತ್ತೆ' ಅಂತೀರಂತೆ. ಅವಳಿಗೆ ಗೊತ್ತಿದ್ರೆ ಶಾಲೆಗ್ಯಾಕೆ ಬರ್ತಿದ್ಲು?" ಎಂದಳು. ಹಿಂದಿನಿಂದ ಇನ್ನೊಬ್ಬರು, "ಪರೀಕ್ಷೇಲಿ ಇರುವೆ ಗೂಡು ಬಿಡಿಸಿದ್ರೆ ಪಾಸ್ ಮಾಡ್ತಾರಾ?" ಎಂದರು. ಟೀಚರ್ ಹಾಳೆ ತಿರುವಿದರು, ಬೇಕಾದ ಸಾಲು ಸಿಗಲಿಲ್ಲ. ಕಂಡಕ್ಟರ್ ಸಹಿಯ ಕಾಗದವನ್ನು ಸೊಸೆಯ ಕಡೆ ಚಾಚಿದ. ಸೊಸೆ ಚೀಲದಿಂದ ಪೆನ್ನು ತೆಗೆದಳು.

ಅಜ್ಜಿ ಕೈ ಎತ್ತಿದಳು. ಶಾಲೆಯ ಕೋಣೆಯೊಳಗೆ ಐವತ್ತೈದು ವರ್ಷದ ನಂತರ.

"ಹೇಳಿ ಅಜ್ಜಿ" ಎಂದರು ಟೀಚರ್, ಮುಳುಗುವವರಿಗೆ ಹುಲ್ಲುಕಡ್ಡಿ ಸಿಕ್ಕಂತೆ.

"ಹೇಳೋದೇನಿಲ್ಲ ಕಣಮ್ಮ. ಒಂದು ತಪ್ಪು ಒಪ್ಪಿಸ್ಬೇಕಿತ್ತು." ಅಜ್ಜಿ ಗುರುವಾರದ ಕಥೆ ಹೇಳಿದಳು. ಮೆಟ್ಟಿಲ ಮೇಲಿನ ಕರ್ಚೀಫು, ಬಾಟಲಿಯೊಳಗಿನ ಕರ್ಚೀಫು, ಚೀಟಿ, ಮೂಲೆಗೆ ಮೂಲೆ ಕೂಡಿಸಿದ ಮಡಿಕೆ. ಅವಳ ಕಟ್ಟಳೆ ಬೀದಿಗೆಲ್ಲ ಗೊತ್ತಿದ್ದದ್ದೇ. "ನನ್ನ ಪ್ರಶ್ನೇನೇ ಇಸ್ತ್ರಿ ಮಾಡ್ಬಿಟ್ಟೆ" ಎಂಬಲ್ಲಿಗೆ ಬಂದಾಗ ಕೋಣೆಯೇ ನಕ್ಕಿತು. ಕಂಡಕ್ಟರಂತೂ ಬೆಂಚು ಗುದ್ದಿದ.

"ನೀವು ನಗ್ತೀರಿ. ನಾನೂ ನಕ್ಕೆ. ಆಮೇಲೆ ಯೋಚನೆ ಬಂತು. ಮಕ್ಕಳು ಸುಕ್ಕುಸುಕ್ಕಾಗಿ ಏನೋ ಒಂದು ತರ್ತವೆ. ನಾವು ಮಾಡೋದೇನು? ಗರಿಗರಿ ಮಾಡಿ ಮಡಿಸಿ ಕೊಟ್ಟುಬಿಡ್ತೀವಿ. ನೋಡೋಕೆ ಚೆಂದ. ಆದ್ರೆ ಮಗು ತಂದಿದ್ದು ಅದರಲ್ಲಿ ಉಳಿದಿರಲ್ಲ." ಅಜ್ಜಿ ಚೀಲದಿಂದ ಬಾಟಲಿ ತೆಗೆದು ಟೀಚರ ಮೇಜಿನ ಮೇಲಿಟ್ಟಳು. ಮೊಮ್ಮಗಳ ನೋಟ್‌ಬುಕ್ಕನ್ನು ಮುಚ್ಚಿಯೇ ಪಕ್ಕಕ್ಕಿಟ್ಟಳು. "ಆ ಮಾತು ಬಿಡಿ. ನಾಲ್ಕು ತುಂಡು ಇಟ್ಟಿದ್ವಿ. ಬಿಸಿಲ ಮೆಟ್ಟಿಲು, ಗಾಳಿ ಬಾಗಿಲು, ಕತ್ತಲೆ ಮೂಲೆ, ಬಿಸಿಲಲ್ಲಿ ಮುಚ್ಚಿದ ಬಾಟಲಿ. ಎಲ್ಲಕ್ಕಿಂತ ಬಿಸಿ ಇದ್ದದ್ದು ಬಾಟಲಿ. ಯಾವುದು ಕೊನೆಗೆ ಒಣಗಿರ್ಬೇಕು ಹೇಳಿ ನೋಡೋಣ?"

"ಮೂಲೇದು" ಎಂದರು ನಾಲ್ಕೈದು ಜನ ಒಟ್ಟಿಗೆ.

"ಕಾರಣ ಹೇಳ್ಬೇಕು! ಕಾರಣ ಹೇಳ್ದೆ ಊಹೆ ಇಲ್ಲ!" ಎಂದು ಕಿಟಕಿಯಿಂದ ಕಂಡಕ್ಟರ ಮಗ ಕೂಗಿದ. ಯಾಕಮ್ಮ ಅವನ ಬಾಯಿ ಮುಚ್ಚಿದಳು, ಎಲ್ಲಿ ಉತ್ತರ ಹೇಳಿಬಿಡುತ್ತಾನೋ ಎಂದು.

"ಕಾರಣ ಏನ್ ಬಂತು, ಬಿಸಿ ಇದ್ರೆ ಒಣಗುತ್ತೆ" ಎಂದ ಕಂಡಕ್ಟರ್. "ಆದ್ರೆ ನಿನ್ನೆ ನೀವೇ ಬಾಟಲಿ ಮೇಲೆ ಪಂದ್ಯ ಸೋಲ್ತಿದೀನಿ ಅಂದ್ರಲ್ಲ ಅಜ್ಜಿ?"

"ಸೋತಿದ್ದು ಹೌದು. ನಾನೂ ನಿನ್ನ ಹಾಗೇ ಬಿಸಿ ನಂಬಿ, ಬಾಟಲೀದೇ ಮೊದಲು ಒಣಗುತ್ತೆ ಅಂದಿದ್ದೆ. ಇದೋ ನೋಡಿ, ನಿನ್ನೆ ಬೆಳಿಗ್ಗೆಯಿಂದ ಮುಚ್ಚಳ ತೆಗೆದಿಲ್ಲ."

ಬಾಟಲಿ ಕೈಯಿಂದ ಕೈಗೆ ಹೋಯಿತು. ಒಬ್ಬರು ಬೆಳಕಿಗೆ ಹಿಡಿದರು, ಒಬ್ಬರು ಅಲ್ಲಾಡಿಸಿದರು. ಗಾಜಿನೊಳಗಿನ ಹನಿ ಕೂಡಿಕೊಂಡು ಕೆಳಗಿಳಿಯಿತು. ಮುಚ್ಚಳ ಸರಿ ಇಲ್ಲವೇನೋ ಎಂದರು ಒಬ್ಬರು. ಸರಿ ಇಲ್ಲದಿದ್ದರೆ ಒಣಗಬೇಕಿತ್ತಲ್ಲ ಎಂದರು ಇನ್ನೊಬ್ಬರು. ಬಟ್ಟೆಗೆ ನೀರು ಜಾಸ್ತಿ ಹಾಕಿರಬೇಕು ಎಂದು ಮುಂದಿನ ಬೆಂಚಿನ ತಾಯಿ. "ಒಂದೇ ಲೋಟ! ಅಳೆದು!" ಎಂದು ಕಿಟಕಿಯಿಂದ ಯಾಕಮ್ಮ. ಟೀಚರ್ ಕೈಯ ಹಾಳೆಯನ್ನು ಯಾವಾಗ ಕೆಳಗಿಟ್ಟರೋ, ಯಾರೂ ನೋಡಲಿಲ್ಲ.

ಬಾಟಲಿ ಸೊಸೆಯ ಕೈಗೆ ಬಂತು. ಅವಳು ಅದನ್ನು ಔಷಧಿ ಶೀಶೆ ನೋಡುವ ಹಾಗೆ ಓರೆಯಾಗಿ ಹಿಡಿದಳು. ಆಮೇಲೆ ತನಗೇ ಹೇಳಿಕೊಂಡಂತೆ, "ನೀರು ಬಟ್ಟೆಯಿಂದ ಹೊರಗೆ ಬಂದಿದೆ" ಎಂದಳು. "ಗಾಜಿನ ಮೇಲೆ ಕೂತಿದ್ಯಲ್ಲ, ಅದೇ. ಹೊರಗೇನೋ ಬಂತು. ಹೋಗೋಕೆ ಜಾಗ ಇಲ್ಲ. ವಾಪಸ್ ಅಲ್ಲೇ ಬಿತ್ತು." ತಲೆ ಎತ್ತಿದಳು. "ಟೀಚರ್, ಹಾಗಾದ್ರೆ ಮುಚ್ಚಳಕ್ಕೆ ಒಂದೇ ಒಂದು ತೂತು ಮಾಡಿದ್ರೆ?"

"ನಿಮಗೇನನ್ಸುತ್ತೆ?" ಎಂದುಬಿಟ್ಟರು ಟೀಚರ್, ಅಭ್ಯಾಸಬಲದಿಂದ. ಎಂದ ಮೇಲೆ ಬಾಯಿಗೆ ಕೈ ಇಟ್ಟುಕೊಂಡರು.

ಸೊಸೆ ನಗಲಿಲ್ಲ. ಬಾಟಲಿ ಕೆಳಗಿಟ್ಟು ಎದ್ದು ನಿಂತಳು. "ಇದೆಲ್ಲ ಚೆನ್ನಾಗಿದೆ ಟೀಚರ್, ಇಲ್ಲ ಅನ್ನಲ್ಲ. ಆದ್ರೆ ನಾನು ನಾಲ್ಕು ಅಂಕಕ್ಕೆ ಫೇಲಾದೋಳು. ನನ್ನ ಮಗಳು ಕಲೀತಿದಾಳೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಪುಟ ನೋಡಿ ತಾನೆ ನಾವು ನಂಬೋದು?"

ಟೀಚರ್ ಈ ಸಲ ಹಾಳೆಯ ಕಡೆ ನೋಡಲಿಲ್ಲ. "ನೋಟ್‌ಬುಕ್ಕಲ್ಲಿ ಮೊದಲು ಊಹೆ ಇರುತ್ತೆ. ಆಮೇಲೆ ಏನ್ ನೋಡಿದ್ಲು. ಆಮೇಲೆ ಏನ್ ಬದಲಾಯ್ತು. ಆ ಮೂರೂ ಇಲ್ಲದ ಪುಟ ಇದ್ರೆ ನನ್ನ ಕೇಳಿ. ತಪ್ಪು ಊಹೆಗೆ ನಕ್ಷತ್ರ ಹಾಕೋದಿಲ್ಲ, ತಪ್ಪು ಅಂತ ತಾನೇ ಕಂಡುಹಿಡಿದಿದ್ದಕ್ಕೆ ಹಾಕೋದು. ಮಗ್ಗಿ, ಓದೋದು, ಬರೆಯೋದು ಬಿಟ್ಟಿಲ್ಲ. ನಿನ್ನೆ ಎಷ್ಟು ಹೊತ್ತಿಗೆ ಯಾವುದು ಒಣಗ್ತು, ಎಷ್ಟು ನಿಮಿಷ ಹೆಚ್ಚು ಅಂತ ಕಳೆಯೋದೂ ಗಣಿತಾನೇ. ಇಷ್ಟಕ್ಕೂ..." ಸ್ವಲ್ಪ ತಡೆದರು. "ನಿಮಗೆ ಇದನ್ನ ಮೊದಲೇ ಹೇಳ್ಬೇಕಿತ್ತು. ನಾನು ಮಕ್ಕಳನ್ನ ಕೇಳಿದೆ, ನಿಮ್ಮನ್ನ ಕೇಳ್ಲಿಲ್ಲ. ಅದು ನನ್ನ ತಪ್ಪು."

"ಆ ತಪ್ಪಿಗೊಂದು ನಕ್ಷತ್ರ ಹಾಕ್ಕೊಳ್ಳಿ ಮೇಡಂ" ಎಂದ ಕಂಡಕ್ಟರ್. ಟೀಚರೂ ನಕ್ಕರು. ಆದರೂ ಕಂಡಕ್ಟರ್ ಸಹಿಯ ಕಾಗದ ಹರಿಯಲಿಲ್ಲ, ಮಡಿಸಿ ಜೇಬಿಗೆ ಹಾಕಿಕೊಂಡ. ಎಲ್ಲರ ಮನಸ್ಸೂ ಒಂದೇ ದಿನಕ್ಕೆ ತಿರುಗುವುದಿಲ್ಲ. ಇಬ್ಬರು ತಾಯಂದಿರಂತೂ ನೋಟ್ಸ್ ಬೇಕೇ ಬೇಕು ಎನ್ನುತ್ತಲೇ ಹೊರಗೆ ಹೋದರು.

ಎಲ್ಲರೂ ಎದ್ದ ಮೇಲೆ ಅಜ್ಜಿ ಟೀಚರ ಹತ್ತಿರ ಬಂದು ದನಿ ತಗ್ಗಿಸಿದಳು. "ನಂದೂ ಒಂದಿದೆ ಕಣಮ್ಮ, ಹಳೇದು. ಬಿಸಿಲೇ ಬೀಳದ ಕೋಣೇಲಿ ಬಟ್ಟೆ ಹೇಗೆ ಒಣಗುತ್ತೆ? ನಿನ್ನೆ ಮೂಲೇದು ಎರಡು ಗಂಟೆಗೆ ಒಣಗ್ತು. ನಾನೇ ಮುಟ್ಟಿ ನೋಡಿದೆ."

ಟೀಚರ ಕಣ್ಣು ಅರಳಿತು. "ಆ ಬಾಟಲಿ ನೋಡಿದ ಮೇಲೆ ನಿಮಗೇನು..."

"ಅಯ್ಯೋ ತಾಯಿ! ಐವತ್ತೈದು ವರ್ಷ ಕಾದಿದೀನಿ, ನೀನೂ ಹೇಳಲ್ವಾ!"

ಬಾಯಲ್ಲಿ ಹಾಗೆಂದರೂ ಅಜ್ಜಿಗೆ ಬೇಸರವಾಗಲಿಲ್ಲ. ದಾರಿಯುದ್ದಕ್ಕೂ ಅದನ್ನೇ ತಿರುವಿ ಹಾಕುತ್ತಾ ಬಂದಳು. ಅರೆಒದ್ದೆ ಅಂಗಿ ಮಡಿಸಿ ಪ್ಲಾಸ್ಟಿಕ್ ಕವರಿಗೆ ತುರುಕಿದರೆ ಮರುದಿನ ಮುಗ್ಗುಲು ವಾಸನೆ ಬರುತ್ತದೆ ಎಂದು ಕೈಗೆ ಗೊತ್ತಿತ್ತು. ಕೈಗೆ ಗೊತ್ತಿದ್ದದ್ದನ್ನು ತಲೆಗೆ ಯಾರೂ ಹೇಳಿರಲಿಲ್ಲ. ನೀರಿಗೆ ಬಿಸಿ ಬೇಕು, ಸರಿ. ಹೋಗಲು ಜಾಗವೂ ಬೇಕು. ಒಳಕೋಣೆಯಲ್ಲಿ ಬಿಸಿಲಿರಲಿಲ್ಲ, ಜಾಗವಿತ್ತು. ಅದೇ ಇರಬಹುದೇ? ಇರಬಹುದು. ಇನ್ನೊಮ್ಮೆ ನೋಡಬೇಕು.

ಭಾನುವಾರ ಬೆಳಿಗ್ಗೆ ಸೊಸೆ ಮೊಳೆ ಹಿಡಿದು ಮುಚ್ಚಳಕ್ಕೆ ತೂತು ಹೊಡೆಯುತ್ತಿದ್ದಳು. ಒಂದು ಬಾಟಲಿಗೆ ಒಂದು ತೂತು, ಇನ್ನೊಂದಕ್ಕೆ ಹತ್ತು. ಯಾಕಮ್ಮ ನೀರು ಅಳೆದಳು.

"ಊಹೆ ಬರೀಬೇಕು ಅಮ್ಮ. ಬರೀದೆ ನೋಡ್ಬಾರದು."

"ಗೊತ್ತು ಕಣೇ, ಒಂದು ಹಾಳೆ ಕೊಡು."

ನೋಟ್‌ಬುಕ್ ಶಾಲೆಯಲ್ಲೇ ಉಳಿದಿತ್ತು. ಸೊಸೆ ಅತ್ತ ಇತ್ತ ನೋಡಿದಳು. ಎದ್ದು ಹೋಗಿ ಕನ್ನಡಿಯ ಹಿಂದಿನಿಂದ ದೊಡ್ಡ ಶಾಲೆಯ ಅರ್ಜಿ ಎಳೆದಳು. ಅಜ್ಜಿ ಉಸಿರು ಬಿಗಿಹಿಡಿದು, ನೋಡದವಳ ಹಾಗೆ ಕಾಲರು ತಿಕ್ಕುತ್ತಿದ್ದಳು. ಸೊಸೆ ಅರ್ಜಿಯನ್ನು ಎರಡೂ ಬದಿ ತಿರುಗಿಸಿದಳು. ಹಿಂಬದಿ ಬಿಳಿಯಾಗಿ ಖಾಲಿ ಇತ್ತು.

"ಪೂರ್ತಿ ವರ್ಷ ನೋಡ್ತೀನಿ ಅನ್ನಲ್ಲ, ಅರ್ಧವಾರ್ಷಿಕ ಪರೀಕ್ಷೆವರೆಗೆ ನೋಡ್ತೀನಿ ಅತ್ತೆ" ಎಂದಳು, ಮುಖ ಎತ್ತದೆ. ಖಾಲಿ ಬದಿಯಲ್ಲಿ ಮೂರು ಗೆರೆ ಎಳೆದು ತನ್ನ ಊಹೆ ಬರೆದು ಮಗಳಿಗೆ ಕೊಟ್ಟಳು. ಮಗಳು ಬರೆದು ಅಜ್ಜಿಗೆ ಕೊಟ್ಟಳು.

ಅಜ್ಜಿ ಪೆಟ್ಟಿಗೆ ಪಕ್ಕಕ್ಕಿಟ್ಟು ಕನ್ನಡಕ ಹಾಕಿಕೊಂಡಳು. ಈ ಸಲ ಅವಸರ ಮಾಡಲಿಲ್ಲ. ಪೆನ್ಸಿಲ್ ಹಿಡಿದು ಎರಡೂ ಬಾಟಲಿಗಳನ್ನು ಬಹಳ ಹೊತ್ತು ನೋಡುತ್ತಾ ಕುಳಿತಳು. ಬಾಗಿಲಲ್ಲಿ ಯಾರೋ ಗಿರಾಕಿ ಬಂದು, "ಅಜ್ಜಿ, ನನ್ನ ಷರಟು ಆಯ್ತಾ?" ಎಂದರು.

"ಸ್ವಲ್ಪ ಕೂತ್ಕೊಳ್ಳಿ" ಎಂದಳು ಅಜ್ಜಿ. "ಯೋಚನೆ ಮಾಡ್ತಿದೀನಿ."